ಹೊಳೆಯ ಈಚೆ 399 ದಿನ

(ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಕೊಪ್ಪಳದಲ್ಲಿ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ನಡುವೆ ಬಂದ ಅಡ್ಡಮಾತುಗಳನ್ನು ತೆಗೆಯಲು ಮನಸ್ಸಾಗಲಿಲ್ಲ.)

ಹೊರಗೆ ಮಿರ್ಚಿ ಬೇಯುತ್ತಿರುವ ವಾಸನೆ ನಿಮಗೂ ಬರುತ್ತಿದೆ, ನನಗೂ ಬರುತ್ತಿದೆ. ವಗ್ಗರಣಿ ಆರುವುದರೊಳಗೆ ಮುಗಿಸುತ್ತೇನೆ ಎಂದು ಮಾತು ಕೊಡಲಾರೆ, ಆದರೆ ಪ್ರಯತ್ನಪಡುತ್ತೇನೆ.

ನಿಮ್ಮಲ್ಲಿ ಬಹಳ ಜನ ಆನೆಗೊಂದಿಯಿಂದ ಹಂಪಿಗೆ ಹರಿಗೋಲಿನಲ್ಲಿ ದಾಟಿದವರು. ಎಷ್ಟು ಹೊತ್ತು ಹಿಡಿಯುತ್ತದೆ? ಹೊಳೆ ತುಂಬಿರದಿದ್ದರೆ ಒಂದು ಎಲೆ ಅಡಿಕೆ ಅಗಿದು ಮುಗಿಯುವುದರೊಳಗೆ ಆಚೆ ದಂಡೆ. 1947ರ ಆಗಸ್ಟ್ 15ರ ಬೆಳಿಗ್ಗೆ ಆ ಹರಿಗೋಲಿನಲ್ಲಿ ಒಬ್ಬ ದಾಟಿದ್ದ ಎಂದುಕೊಳ್ಳಿ. ಹಂಪಿಯ ದಂಡೆ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ. ಅಲ್ಲಿ ಕಾಲಿಟ್ಟರೆ ಅವನು ಸ್ವತಂತ್ರ ಭಾರತದ ಮನುಷ್ಯ. ಸಂಜೆ ಎತ್ತಿಗೆ ಮೇವು ಹಾಕಬೇಕು ಎಂದು ತಿರುಗಿ ಆನೆಗೊಂದಿಗೆ ಬಂದರೆ ಮತ್ತೆ ಹೈದರಾಬಾದ್ ಸಂಸ್ಥಾನದ ನಿಜಾಮರ ರಯತ. ವಿಜಯನಗರ ಹುಟ್ಟಿದ್ದು ಈ ದಂಡೆಯಲ್ಲಿ, ಬೆಳೆದದ್ದು ಆ ದಂಡೆಯಲ್ಲಿ. ಒಂದೇ ಊರಿನ ಎರಡು ಕೇರಿಗಳಂತಿದ್ದ ಜಾಗದ ನಡುವೆ ಒಂದು ದೇಶದ ಗಡಿ ಬಿದ್ದಿತ್ತು.

ಆ ಗಡಿ ಅಳಿದದ್ದು, ಅಂದರೆ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದದ್ದು, 1948ರ ಸೆಪ್ಟೆಂಬರ್ 17ಕ್ಕೆ. ನಾನು ಬೆರಳೆಣಿಸಿ ನೋಡಿದ್ದೇನೆ, ಒಟ್ಟು 399 ದಿನ. ಪ್ರತಿ ವರ್ಷ ಈ ತಿಂಗಳು ಬಂತೆಂದರೆ ನಾವು ಭಾಷಣಗಳಲ್ಲಿ ‘ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ’ ಎನ್ನುತ್ತೇವೆ. ಹಾಗಾದರೆ ತಡವಾಗದೇ ಇದ್ದಿದ್ದರೆ? ಇವತ್ತಿನ ಮಾತು ಇಷ್ಟೇ. ನಮಗೂ ಆಗಸ್ಟ್ 15ಕ್ಕೇ ಬಂದಿದ್ದರೆ ಏನಾಗುತ್ತಿತ್ತು?

ಇಂಥ ಪ್ರಶ್ನೆ ಕೇಳುವಾಗ ಒಂದು ಶಿಸ್ತು ಬೇಕು. ‘ಹೀಗಾಗಿದ್ದರೆ’ ಎನ್ನುವ ಆಟ ಬಲು ರುಚಿ. ಒಂದು ತುತ್ತಿನ ಬದಲು ಇಡೀ ಗಂಗಾಳವನ್ನೇ ಎತ್ತಿ ಬಾಯಿಗೆ ಸುರುವಿಕೊಳ್ಳುವ ಆಸೆ. ಕೊಪ್ಪಳದಲ್ಲಿ ಎಲ್ಲಿ ಹೋದರೂ ನನ್ನನ್ನು ಕೇಳುವ ಪ್ರಶ್ನೆ: ಸರ್, ಮುಂಡರಗಿ ಭೀಮರಾಯ ಗೆದ್ದಿದ್ದರೆ? ಈ ಬೆಟ್ಟದ ಮೇಲಿನ ಕೋಟೆ ನೋಡಿಕೊಂಡೇ ಬೆಳೆದ ನಮಗೆ ಆ ಪ್ರಶ್ನೆ ಸಹಜ. 1858ರ ಮೇ ಕೊನೆಯಲ್ಲಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಇಂಗ್ಲಿಷರ ವಿರುದ್ಧ ಬಂಡೆದ್ದು ಈ ಕೋಟೆ ಹಿಡಿದರು. ಜೂನ್ 1ಕ್ಕೆ ಇಂಗ್ಲಿಷರ ಪಡೆ ಬಂತು, ಕೋಟೆ ಬಿತ್ತು, ಇಬ್ಬರೂ ಇಲ್ಲೇ ಸತ್ತರು. ಜೂನ್ 12ಕ್ಕೆ ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಅದೇ ಬೇಸಗೆಯಲ್ಲಿ ಸುರಪುರದ ಹರೆಯದ ದೊರೆ ವೆಂಕಟಪ್ಪ ನಾಯಕನೂ ಹೋದ. ಭೀಮರಾಯ ಗೆಲ್ಲಬೇಕಾದರೆ ಬಳ್ಳಾರಿಯ ದಂಡು ಬರಬಾರದು, ಧಾರವಾಡದ ದಂಡು ಬರಬಾರದು, ಹೈದರಾಬಾದು ಕೈಕಟ್ಟಿ ಕೂರಬೇಕು, ದಿಲ್ಲಿ ಮತ್ತೆ ಬಂಡಾಯಗಾರರ ಕೈಗೆ ಬರಬೇಕು. ಅಷ್ಟೆಲ್ಲ ಬದಲಿಸಿದ ಮೇಲೆ ಅದು ಇತಿಹಾಸವಲ್ಲ, ಬಯಲಾಟ. ಬಯಲಾಟದ ಮೇಲೆ ನನಗೇನೂ ಸಿಟ್ಟಿಲ್ಲ. ರಾತ್ರಿಯಿಡೀ ಕೂತು ನೋಡುವವನು ನಾನು. ಆದರೆ ಇವತ್ತು ಅದು ಬೇಡ.

ಗೋಡೆಯಿಂದ ಒಂದೇ ಒಂದು ಮೊಳೆ ಕೀಳಬೇಕು, ಆಮೇಲೆ ಏನೇನು ಕೆಳಗೆ ಬೀಳುತ್ತದೆ ಎಂದು ನೋಡಬೇಕು. ನಾನು ಕೀಳುವ ಮೊಳೆ 1860ನೇ ಇಸವಿಯದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಹಳೆಯ ಶಾಸನಗಳು ಎಡೆದೊರೆ ನಾಡು ಎನ್ನುತ್ತವೆ. ಎರಡು ತೊರೆಗಳ ಎಡೆಯ ನಾಡು. ಪಾರಸಿ ಬಲ್ಲವರು ಇದನ್ನೇ ದೋಆಬ್ ಎಂದರು. ವಿಜಯನಗರವೂ ಬಹಮನಿಯೂ ಈ ನೆಲಕ್ಕಾಗಿ ಎಷ್ಟು ಸಲ ಕಾದಾಡಿದರೋ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮುಂದೆ ಆದಿಲ್ ಶಾಹಿಯನ್ನು ಸೋಲಿಸಿದ್ದು ಇದಕ್ಕಾಗಿಯೇ. ಇಷ್ಟು ರಕ್ತ ಕುಡಿದ ನೆಲ 1853ರಲ್ಲಿ ಒಂದು ಸಾಲದ ಪತ್ರದಲ್ಲಿ ಕೈ ಬದಲಾಯಿಸಿತು.

ಸಾಲ ಯಾವುದು? ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವಿತ್ತು. ಹೆಸರು ಹೈದರಾಬಾದಿನದು, ಅಧಿಕಾರಿಗಳು ಇಂಗ್ಲಿಷರು, ಪಗಾರ ಮಾತ್ರ ನಿಜಾಮರು ಕೊಡಬೇಕು. ಪಗಾರ ಬಾಕಿ ಬಿತ್ತು, ಬಾಕಿಗೆ ಬಡ್ಡಿ ಬೆಳೆಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ವಸೂಲಿಗೆ ಕೂತ. ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಗಳನ್ನು ಕಂಪನಿಯ ಕೈಗೆ ಒಪ್ಪಿಸಬೇಕಾಯಿತು. ಮೂರು ತುಂಡು: ಬೇರಾರ, ನಳದುರ್ಗ–ಧಾರಾಶಿವದ ಕಡೆ, ಮತ್ತು ನಮ್ಮ ರಾಯಚೂರು ದೋಆಬ್. ಈ ಮೂರನ್ನೂ ನೆನಪಿಡಿ, ಒಂದೇ ದಿನ ಒತ್ತೆ ಹೋದ ಮೂವರು ಅಣ್ಣತಮ್ಮಂದಿರು ಎಂದುಕೊಳ್ಳಿ. ಆಮೇಲೆ ಕೆಲಸಕ್ಕೆ ಬರುತ್ತಾರೆ.

ಹಾಗಾಗಿ ಏಳು ವರ್ಷ ನಾವು ಬ್ರಿಟಿಷ್ ಸೀಮೆ. ಲಿಂಗಸುಗೂರಿನ ಆ ಕಡೆಯವರು ಇವತ್ತಿಗೂ ‘ಛಾವಣಿ’ ಎನ್ನುತ್ತಾರಲ್ಲ, ಅದು ಆ ದಂಡು ಬೀಡುಬಿಟ್ಟಿದ್ದ ನೆನಪು. ಸುರಪುರ ಬಲ್ಲ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕೊನೆಗೆ ಈ ಸೀಮೆಯ ಆಡಳಿತವನ್ನೂ ನೋಡಿಕೊಂಡ.

ಆಮೇಲೆ 1857 ಬಂತು. ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ನುಗ್ಗಿದರು. ದಿವಾನ ಸಾಲಾರ್ ಜಂಗ್ ಮತ್ತು ಹೊಸದಾಗಿ ಪಟ್ಟಕ್ಕೆ ಬಂದಿದ್ದ ನಿಜಾಮ ಅಫ್ಜಲ್-ಉದ್-ದೌಲಾ ಇಂಗ್ಲಿಷರ ಕಡೆ ನಿಂತರು. ದಕ್ಷಿಣ ಹೊತ್ತಿಕೊಳ್ಳಲಿಲ್ಲ. ಅದಕ್ಕೆ ಬಕ್ಷೀಸು ಬೇಡವೇ? 1860ರ ಡಿಸೆಂಬರಿನ ಒಪ್ಪಂದದಲ್ಲಿ 50 ಲಕ್ಷದ ಹಳೆಯ ಸಾಲ ಮನ್ನಾ ಆಯಿತು. ನಳದುರ್ಗ ಮತ್ತು ರಾಯಚೂರು ದೋಆಬ್ ವಾಪಸ್ಸಾದವು, ದೊರೆಯಿಲ್ಲದ ಸುರಪುರವೂ ಅದರೊಟ್ಟಿಗೆ ಹೋಯಿತು. ಬೇರಾರವನ್ನು ಮಾತ್ರ ಕೊಡಲಿಲ್ಲ. ಅಲ್ಲಿಯ ಹತ್ತಿಯ ಮೇಲೆ ಅವರ ಕಣ್ಣಿತ್ತು. ನಮ್ಮದೂ ಎರೆ, ನಮ್ಮದೂ ಹತ್ತಿಯೇ ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ನಮ್ಮನ್ನು ಕೇಳಿದರೇ? ಎತ್ತನ್ನು ಸಂತೆಯಲ್ಲಿ ಮಾರುವಾಗ ಅದನ್ನು ಕೇಳುತ್ತೇವೆಯೇ?

ಇದು ನನ್ನ ಮೊಳೆ. 1860ರಲ್ಲಿ ಈ ನೆಲವನ್ನು ಹಿಂತಿರುಗಿಸಿರದಿದ್ದರೆ, ಬೇರೆ ಯಾವ ಮಾಯಮಂತ್ರವೂ ಬೇಕಿಲ್ಲ, ಬಳ್ಳಾರಿಯ ಜೊತೆಗೇ ಆಗಸ್ಟ್ 15ಕ್ಕೆ ನಮಗೂ ಬಾವುಟ ಏರುತ್ತಿತ್ತು. ಒಂದು ಮಾತು ಬದಿಗಿಡುತ್ತೇನೆ: ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಜಹಗೀರಿನ ಲೆಕ್ಕವೇ ಬೇರೆ. ಅದನ್ನು ಎಳೆದರೆ ರಾತ್ರಿ ಇಲ್ಲೇ ಮಲಗಬೇಕಾಗುತ್ತದೆ.

ಮೊಳೆ ಕಿತ್ತ ಕೂಡಲೇ ಎದುರಾಗುವ ಪ್ರಶ್ನೆ, ನಮ್ಮನ್ನು ಯಾರ ಪಡಸಾಲೆಗೆ ಹಾಕುತ್ತಿದ್ದರು? ಎರಡು ಬಾಗಿಲು. ಪಶ್ಚಿಮಕ್ಕೆ ಧಾರವಾಡ, ಅಂದರೆ ಮುಂಬಯಿ ಪ್ರಾಂತ. ದಕ್ಷಿಣಕ್ಕೆ ಬಳ್ಳಾರಿ, ಅಂದರೆ ಮದ್ರಾಸ್.

ಮುಂಬಯಿಗೆ ಸೇರಿದ್ದರೆ ಡೆಪ್ಯುಟಿ ಚನ್ನಬಸಪ್ಪನವರು ಕುಷ್ಟಗಿಗೂ ಬರುತ್ತಿದ್ದರು. ಧಾರವಾಡ ಸೀಮೆಯಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆ ತೆರೆಸಿದ ಮನುಷ್ಯ ಅವರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದಾಗ ಅದರ ವಿಳಾಸದ ವಹಿಯಲ್ಲಿ ಮಾನ್ವಿ, ಸಿಂಧನೂರು, ಗಂಗಾವತಿಯ ಹೆಸರುಗಳೂ ಸಲೀಸಾಗಿ ಸೇರುತ್ತಿದ್ದವು.

ಮದ್ರಾಸಿಗೆ ಸೇರಿದ್ದರೆ? ಇಲ್ಲಿ ನನಗೆ ಎದೆ ಝಲ್ಲೆನ್ನುತ್ತದೆ. 1953ರಲ್ಲಿ ಮದ್ರಾಸ್ ಒಡೆದು ಆಂಧ್ರ ಹುಟ್ಟಿದಾಗ ಬಳ್ಳಾರಿ ಜಿಲ್ಲೆಗೆ ಏನಾಯಿತು ನೋಡಿ. ಏಳು ತಾಲೂಕು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ಊರಿಗಾಗಿಯೇ ಮಿಶ್ರಾ ಆಯೋಗ ಕೂರಬೇಕಾಯಿತು. ಅಕ್ಟೋಬರ್ 1ರ ಆ ಸಂಭ್ರಮದ ಹಿಂದಿನ ರಾತ್ರಿ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಕನ್ನಡ, ತೆಲುಗು, ಉರ್ದು ಮೂರೂ ಬೀದಿಯಲ್ಲಿ ಆಡುವ ರಾಯಚೂರು ಆ ಪಂಚಾಯ್ತಿಯಲ್ಲಿ ಸಿಕ್ಕಿಕೊಂಡಿದ್ದರೆ ಯಾವ ಕಡೆಗೆ ಬೀಳುತ್ತಿತ್ತೋ ಹೇಳಲಾರೆ. ನಿಜವಾಗಿ ನಡೆದ ಚರಿತ್ರೆಯಲ್ಲೇ 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ಆಂಧ್ರಕ್ಕೆ ಹೋದವಲ್ಲ. ಬೇಗ ಸ್ವಾತಂತ್ರ್ಯ ಬಂದು, ಕನ್ನಡ ನಾಡೇ ಕೈತಪ್ಪುವ ದಾರಿಯೂ ಈ ಮರದಲ್ಲಿ ಒಂದು ಕೊಂಬೆ. ‘ತಡವಾಯಿತು’ ಎಂದು ಗೊಣಗುವಾಗ ಈ ಕೊಂಬೆಯನ್ನು ನಾವು ನೋಡುವುದೇ ಇಲ್ಲ.

ಇಲ್ಲಿ ನಮ್ಮ ಮನೆಯ ಒಂದು ಕಥೆ ಹೇಳಬೇಕು. ಅದಕ್ಕೆಂದೇ ಈ ಪ್ಲಾಸ್ಟಿಕ್ ಚೀಲ ತಂದಿದ್ದೇನೆ.

ನಮ್ಮದು ಗಂಗಾವತಿ ಸೀಮೆ. ಅಜ್ಜಿಯ ಹಳೆಯ ಟ್ರಂಕಿನಲ್ಲಿ ಒಂದು ಕಾಗದವಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ನಾಲ್ಕು ಮಡಿಕೆ, ಮಡಿಕೆಯಲ್ಲಿ ಸವೆದು ತೂತು ಬಿದ್ದಿದೆ. ಒಂದು ಮೂಲೆಯಲ್ಲಿ ನೇರಳೆ ಬಣ್ಣದ ಠಸ್ಸೆ. ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಯಾರಿಗೂ ಓದಲು ಬಾರದು. ಅಜ್ಜ ಹೋಗುವಾಗ ‘ಈ ಕಾಗದ ಕಳೀಬ್ಯಾಡ್ರಿ’ ಎಂದಿದ್ದನಂತೆ. ಅಷ್ಟೇ ಸಾಕಾಯಿತು, ಅದು ಹೊಲದ ಕಾಗದ ಎಂದು ಎಲ್ಲರೂ ನಂಬಿದರು. ದೀಪಾವಳಿಯ ಲಕ್ಷ್ಮೀಪೂಜೆಗೆ ಆ ಕಾಗದಕ್ಕೂ ಕುಂಕುಮ ಬೀಳುತ್ತಿತ್ತು. ಇಲ್ಲಿ ನೋಡಿ, ಕೆಂಪು ಕಲೆ. ದೊಡ್ಡಪ್ಪನಿಗೂ ನಮ್ಮಪ್ಪನಿಗೂ ಹೊಲ ಪಾಲಾಗುವಾಗ ಈ ಕಾಗದ ಯಾರ ಮನೆಯಲ್ಲಿರಬೇಕು ಎಂದು ಮೂರು ದಿನ ಜಗಳ ನಡೆದಿದೆ. ದೊಡ್ಡಪ್ಪ ಒಂದು ಎಮ್ಮೆ ಬಿಟ್ಟುಕೊಟ್ಟಾನು, ಕಾಗದ ಬಿಡಲೊಲ್ಲ.

ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ ಮೇಲೆ ನಾನು ಅದನ್ನು ಒಬ್ಬ ನಿವೃತ್ತ ಉರ್ದು ಮಾಸ್ತರರ ಹತ್ತಿರ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಓದಿ, ನಕ್ಕರು. ‘ಸರ್, ಇದು ಹೊಲದ್ದಲ್ಲ. ಕರೋಡಗಿರಿ ರಸೀದಿ.’ ಕರೋಡಗಿರಿ ಎಂದರೆ ನಿಜಾಮರ ಸುಂಕದ ಖಾತೆ. 1347 ಫಸ್ಲಿ. ಮೂರು ಸೀರೆ, ಒಂದು ಹಿತ್ತಾಳೆ ಕೊಡ, ಒಂದು ತಂಬಿಗೆ. ನಾಕಾದಲ್ಲಿ ಕಟ್ಟಿದ ಸುಂಕ ಎರಡು ರೂಪಾಯಿ ಚಿಲ್ಲರೆ, ಸಿಕ್ಕಾ ಉಸ್ಮಾನಿಯಾ. ಅಜ್ಜ ತಂಗಿಯ ಮದುವೆಗೆ ಹೊಸಪೇಟೆ ಸಂತೆಯಲ್ಲಿ ಸಾಮಾನು ಕೊಂಡು ಹೊಳೆ ದಾಟಿದ್ದಾನೆ, ಈ ದಂಡೆಯಲ್ಲಿ ಸುಂಕದವರು ಹಿಡಿದಿದ್ದಾರೆ. ರಸೀದಿ ಕಳೆದರೆ ಮತ್ತೊಮ್ಮೆ ಕಟ್ಟಿಸಿಕೊಂಡಾರು ಎಂಬ ಹೆದರಿಕೆಗೆ ‘ಕಳೀಬ್ಯಾಡ್ರಿ’ ಎಂದಿದ್ದಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಬಂತು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ರೊಕ್ಕದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಜ್ಜಿ ಹೇಳುತ್ತಿದ್ದಳು: ‘ಹೊಳಿ ಆಚಿಗೆ ಕಲ್ದಾರ್, ಈಚಿಗೆ ಹಾಲಿ.’ ಬ್ರಿಟಿಷ್ ರೂಪಾಯಿ ಕಲ್ದಾರ್, ನಿಜಾಮರದು ಹಾಲಿ ಸಿಕ್ಕಾ. 100 ಕಲ್ದಾರಿಗೆ ಹಾಲಿ 116 ರೂಪಾಯಿ 10 ಆಣೆ 8 ಪೈ. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿ ಈ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದಳು, ಏಳು ಕೊಟ್ಟರೆ ಆರು ಎಂದು. ಮಗಳನ್ನು ಹೊಳೆಯಾಚೆ ಕೊಟ್ಟವರು, ಆಚೆಯಿಂದ ಸೊಸೆ ತಂದವರು ಎಲ್ಲರಿಗೂ ಈ ಲೆಕ್ಕ ಬರುತ್ತಿತ್ತು. ಉಡಿ ತುಂಬುವಾಗ ಇಟ್ಟ ರೂಪಾಯಿ ಯಾವ ಸರ್ಕಾರದ್ದು ಎಂದು ನೋಡಿಕೊಂಡು ಮುಯ್ಯಿ ಬರೆದಿಡುವ ಮನೆಗಳಿದ್ದವು.

1347 ಫಸ್ಲಿ ಎಂದರೆ ನಮ್ಮ ಲೆಕ್ಕದಲ್ಲಿ 1937-38. ಇಲ್ಲಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಅದೇ 1937ರಲ್ಲಿ ಹೊಳೆಯಾಚೆ ಬಳ್ಳಾರಿ ಜಿಲ್ಲೆಯಲ್ಲಿ ಚುನಾವಣೆ ನಡೆದಿತ್ತು. 1935ರ ಕಾಯ್ದೆಯ ಚುನಾವಣೆ. ಎಲ್ಲರಿಗೂ ಮತವಿರಲಿಲ್ಲ, ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ. ಆದರೂ ಕಂದಾಯ ಕಟ್ಟುವ ರೈತರ ಬಾಗಿಲಿಗೆ ಯಾರೋ ಬಂದು ಕೈಮುಗಿದು ‘ನಮಗ ಹಾಕ್ರಿ ಯಜಮಾನ್ರ’ ಎಂದಿದ್ದರು. ಮದ್ರಾಸಿನಲ್ಲಿ ಕಾಂಗ್ರೆಸ್ ಗೆದ್ದು ರಾಜಾಜಿ ಮುಖ್ಯಸ್ಥರಾದರು. ಈಚೆ ದಂಡೆಯಲ್ಲಿ ನಮ್ಮಜ್ಜ ತನಗೆ ಓದಲು ಬಾರದ ಅಕ್ಷರಗಳ ಕಾಗದವನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದಿದ್ದ. ಮರುವರ್ಷ, 1938ರಲ್ಲಿ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಹುಟ್ಟುವ ಮೊದಲೇ ನಿಷೇಧಿಸಿದರು.

ಉರ್ದುವಿನ ಮೇಲೆ ನನಗೆ ತಕರಾರಿಲ್ಲ. ನೋಡಿ, ತಕರಾರು ಎನ್ನುವುದೂ ಆ ಕಡೆಯಿಂದಲೇ ಬಂದ ಮಾತು. ರಸೀದಿ, ಜಮೀನು, ಅರ್ಜಿ, ದಫ್ತರ, ಎಲ್ಲ ಅಲ್ಲಿಯವೇ. ನನ್ನ ಮಾತಿರುವುದು ಕಚೇರಿಯ ಭಾಷೆಯ ಬಗ್ಗೆ. 1884ರವರೆಗೆ ಪಾರಸಿ, ಆಮೇಲೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂದು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಅದು ಯಾರ ದೇಶಭಾಷೆ? ಸಂಸ್ಥಾನದ ಬಹುಪಾಲು ಜನ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದರು. ಆದರೆ ಮುಂದೆ ಅವರ ಪ್ರೇಮಾಯತನ ಆಶ್ರಮ ಎದ್ದದ್ದು ತುಂಗಭದ್ರಾ ಸ್ಟೇಷನ್ನಿನ ಬಳಿ, ಹೊಳೆಯ ಆ ದಂಡೆಯಲ್ಲಿ, ಬ್ರಿಟಿಷ್ ಸೀಮೆಯಲ್ಲಿ. ಹೊಳೆ ದಾಟಿದರೆ ಸ್ವಲ್ಪ ಉಸಿರು ಬಿಡಬಹುದು ಎಂಬುದು ಆಗಿನ ಎಲ್ಲರ ತಿಳಿವಳಿಕೆ.

ಅದಕ್ಕೇ ನಾನು ಹೇಳುವುದು, 399 ದಿನದ ಲೆಕ್ಕ ತಪ್ಪು ಲೆಕ್ಕ. ನಮಗಾದ ತಡ 1947ರಲ್ಲಿ ಶುರುವಾದದ್ದಲ್ಲ. 1860ರಿಂದ 1947, ಆ 87 ವರ್ಷ ಇದೆಯಲ್ಲ, ಅದು ತಡ. ಕೇಳುವ ಅಭ್ಯಾಸ, ಬೈಯುವ ಅಭ್ಯಾಸ, ಅರ್ಜಿ ಬರೆದು ಉತ್ತರ ಬರದಿದ್ದರೆ ಮತ್ತೊಂದು ಬರೆಯುವ ಅಭ್ಯಾಸ, ಇವು ಒಂದು ತಲೆಮಾರಿನಲ್ಲಿ ಬರುವಂಥವಲ್ಲ. ಬಳ್ಳಾರಿಯವರು ಬಿಳಿಯರ ಕೈಕೆಳಗೆ ಗುಲಾಮರು, ಒಪ್ಪಿದೆ. ನಾವು ಗುಲಾಮರ ಕೈಕೆಳಗಿನ ಗುಲಾಮರು. ಬೈಯಬೇಕಾದರೂ ಯಾರನ್ನು ಬೈಯಬೇಕು ಎಂದು ಗೊತ್ತಾಗುತ್ತಿರಲಿಲ್ಲ.

(ಇಲ್ಲಿ ಮೈಕು ಕೈಕೊಟ್ಟಿತು. ಸರಿಹೋಗುವ ತನಕ ಚಹಾ ಬಂತು. ರಸೀದಿಯ ಚೀಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೈಯಿಂದ ಕೈಗೆ ಹೋಗಿ ಬಂತು.)

ಈಗ ನಾನು ಹೇಳಿದ್ದನ್ನೇ ನಾನು ಸ್ವಲ್ಪ ಕೆಡಿಸಬೇಕು. ನಿಮಗೆ ಅನಿಸಿರಬಹುದು, ವಾಪಸ್ಸು ಕೊಡದಿದ್ದರೆ ನಾವು ಎಲ್ಲೋ ಇರುತ್ತಿದ್ದೆವು ಎಂದು. ಅದಕ್ಕೆ ಊಹೆ ಬೇಡ. ಒತ್ತೆ ಹೋಗಿ ವಾಪಸ್ಸು ಬಾರದ ನಮ್ಮ ಅಣ್ಣನೊಬ್ಬ ಇದ್ದಾನಲ್ಲ, ಬೇರಾರ. ಅವನ ಮನೆಗೆ ಹೋಗಿ ನೋಡಿ ಬಂದರಾಯಿತು.

ಬೇರಾರಕ್ಕಾಗಿ ನಿಜಾಮರ ಮನೆ ಸುಮ್ಮನೆ ಕೂರಲಿಲ್ಲ. ಸಾಲಾರ್ ಜಂಗ್ 1876ರಲ್ಲಿ ಇಂಗ್ಲೆಂಡಿನವರೆಗೆ ಹೋಗಿಬಂದ, ಬೇರಾರ ಸಿಗಲಿಲ್ಲ. 1902ರಲ್ಲಿ ಕರ್ಜನ್ ಅದನ್ನು ಕಾಯಂ ಗುತ್ತಿಗೆಯಾಗಿ ಬರೆಸಿಕೊಂಡ, ವರ್ಷಕ್ಕೆ 25 ಲಕ್ಷ ರೂಪಾಯಿಗೆ. ಮುಂದೆ 1936ರಲ್ಲಿ ನಿಜಾಮರ ಹಿರಿಯ ಮಗನಿಗೆ ‘ಬೇರಾರದ ರಾಜಕುಮಾರ’ ಎಂಬ ಬಿರುದು ಕೊಟ್ಟರು. ಊರಿಲ್ಲದ ಗೌಡಿಕೆ. ಅಮರಾವತಿ, ಅಕೋಲಾ, ಯವತ್ಮಾಳ, ಬುಲ್ಡಾಣಾ ಮಧ್ಯಪ್ರಾಂತದ ಜೊತೆ ಸೇರಿ ನಾಗಪುರದಿಂದ ಆಡಳಿತ ಕಂಡವು. 1937ರಲ್ಲಿ ಅಲ್ಲೂ ಚುನಾವಣೆ, 1947ರಲ್ಲಿ ಆಗಸ್ಟ್ 15ಕ್ಕೇ ಬಾವುಟ. ನಮ್ಮ ಕಲ್ಪನೆಯ ಕಥೆ ಅಲ್ಲಿ ನಿಜವಾಗಿ ನಡೆದಿದೆ.

ಹಾಗಾದರೆ ಇವತ್ತು ಬೇರಾರ ಹೇಗಿದೆ? ಅದನ್ನೀಗ ನಾವು ನಾಗಪುರದ ಕಡೆಯ ಜೊತೆ ಸೇರಿಸಿ ವಿದರ್ಭ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಯಾವ ಸುದ್ದಿಗೆ ಓದುತ್ತೇವೆ? ಹತ್ತಿ ಬೆಳೆದು ಸಾಲಕ್ಕೆ ಸಿಕ್ಕ ರೈತರ ಆತ್ಮಹತ್ಯೆಯ ಸುದ್ದಿಗೆ. ಯವತ್ಮಾಳದ ಹೆಸರು ಕೇಳದವರು ಯಾರಿದ್ದಾರೆ? ಹಿಂದುಳಿದ ನಮ್ಮ ಸೀಮೆಗೆ ಸಂವಿಧಾನದ 371(ಜೆ) ವಿಧಿ ಇದ್ದ ಹಾಗೆ ಅವರಿಗೂ 371ರ ಅಡಿಯಲ್ಲೇ ಅಭಿವೃದ್ಧಿ ಮಂಡಳಿ ಬೇಕಾಯಿತು. ಅದನ್ನು ಒಂದೇ ಸಲಕ್ಕೆ ಕೊಟ್ಟರು, ಬ್ರಿಟಿಷರ ಕೈಯಲ್ಲಿ ಉಳಿದ ವಿದರ್ಭಕ್ಕೂ, ನಿಜಾಮರ ಕೈಯಲ್ಲಿದ್ದ ಮರಾಠವಾಡಕ್ಕೂ. ನಮ್ಮ ಜೊತೆ ವಾಪಸ್ಸಾದ ಧಾರಾಶಿವ ಇರುವುದು ಆ ಮರಾಠವಾಡದಲ್ಲೇ. ಬೇಗ ಬಿಡುಗಡೆಯಾದ ಅಣ್ಣನೂ ತಡವಾಗಿ ಬಿಡುಗಡೆಯಾದ ತಮ್ಮನೂ ಒಂದೇ ಸಾಲಿನಲ್ಲಿ ನಿಂತು ಅರ್ಜಿ ಹಿಡಿದಿದ್ದಾರೆ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ನಿದ್ದೆ ಬರಲಿಲ್ಲ. ನಮ್ಮ ಹಿಂದುಳಿದಿರುವಿಕೆಗೆಲ್ಲ ನಿಜಾಮರೇ ಕಾರಣ ಎಂದು ಇಪ್ಪತ್ತು ವರ್ಷ ಪಾಠ ಮಾಡಿದವನು ನಾನು.

ಬ್ರಿಟಿಷರ ಕೈಯಲ್ಲಿದ್ದ ಬಳ್ಳಾರಿಯನ್ನೇ ನೋಡಿ. 1876-78ರ ಧಾತು ಸಂವತ್ಸರದ ಬರದಲ್ಲಿ ಇಡೀ ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಅದೊಂದು. ಬೀದಿಯಲ್ಲಿ ಜನ ಸಾಯುತ್ತಿದ್ದಾಗಲೂ ರೈಲು ಓಡುತ್ತಿತ್ತು. ಮತ ಇಲ್ಲದ ಕಾಲದಲ್ಲಿ ಹೊಳೆಯ ಎರಡೂ ದಂಡೆ ಒಂದೇ ಎಂದು ಬರ ಹೇಳಿಕೊಟ್ಟಿತ್ತು.

ಇನ್ನು ನೀರಿನ ಮಾತು. ಗಂಗಾವತಿ, ಸಿಂಧನೂರಿನವರು ಕೂತಿದ್ದೀರಿ, ಇದನ್ನು ಬಿಟ್ಟರೆ ನನ್ನನ್ನು ಬಿಡಲಾರಿರಿ. ತುಂಗಭದ್ರೆಗೆ ಅಣೆ ಕಟ್ಟುವ ಯೋಚನೆ 1860ರಷ್ಟು ಹಳೆಯದು, ಆರ್ಥರ್ ಕಾಟನ್ ಕಾಲದ್ದು. ನಾನು ಕಿತ್ತ ಮೊಳೆಯ ವರ್ಷವೇ, ನೋಡಿ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ಕ್ಕೆ. ನಡುವೆ 85 ವರ್ಷ. ಮದ್ರಾಸ್ ಒಂದು ಹೇಳುವುದು, ಹೈದರಾಬಾದ್ ಇನ್ನೊಂದು ಹೇಳುವುದು, ಮೇಲಿನಿಂದ ಮೈಸೂರು ಮೂರನೆಯದು ಹೇಳುವುದು. ಅಡಿಗಲ್ಲು ಕೂಡ ಎರಡು: ಈ ದಂಡೆಯಲ್ಲಿ ಆ ಊರಿಲ್ಲದ ಬೇರಾರದ ರಾಜಕುಮಾರ ಇಟ್ಟ, ಆ ದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಇಟ್ಟ. ಒಂದು ಮನೆಗೆ ಎರಡು ಹೊಸ್ತಿಲು.

ಎರಡೂ ದಂಡೆ ಒಂದೇ ಸರ್ಕಾರದ ಕೈಯಲ್ಲಿದ್ದಿದ್ದರೆ ಅಣೆಕಟ್ಟು ಬೇಗ ಆಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನು ಅರ್ಧ ಒಪ್ಪುತ್ತೇನೆ. ಆಗಬಹುದಿತ್ತು. ಆದರೆ ನೀರು ಯಾರಿಗೆ ಹೋಗುತ್ತಿತ್ತು? 1944ರ ಒಪ್ಪಂದದಲ್ಲಿ ಮದ್ರಾಸಿಗೂ ಹೈದರಾಬಾದಿಗೂ ನೀರು ಸಮಪಾಲು. ಆ ಸಮಪಾಲು ಸಿಕ್ಕಿದ್ದು ಎದುರು ಕೂತು ‘ನಮ್ಮ ಪಾಲು ಇಡ್ರಿ’ ಎನ್ನಲು ಇನ್ನೊಂದು ಸರ್ಕಾರ ಇತ್ತು ಎಂಬ ಕಾರಣಕ್ಕೆ. ಇಡೀ ದೋಆಬ್ ಮದ್ರಾಸಿನದೇ ಆಗಿದ್ದರೆ, ಅಲ್ಲಿಯ ಸೆಕ್ರೆಟರಿಯೇಟಿನಲ್ಲಿ ಕೂತ ಇಂಜಿನಿಯರಿಗೆ ಎಡದಂಡೆಯ ಎರೆಹೊಲ ಹತ್ತಿರವೋ, ಬಲದಂಡೆಯ ಕೆಳಗಿನ ಕರ್ನೂಲು, ಕಡಪಾ ಹತ್ತಿರವೋ? ಇವತ್ತು ಕಾರಟಗಿಯಿಂದ ಸಿಂಧನೂರಿನವರೆಗೆ ಕಣ್ಣು ಹಾಯುವಷ್ಟು ಭತ್ತವಿದೆ. ನಾವು ಶಪಿಸುವ ಆ ಗಡಿಯೇ ನೀರು ತಂದುಕೊಟ್ಟಿತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಇದು ನನ್ನ ಅನಿಸಿಕೆ. ನೀರಾವರಿ ಇಂಜಿನಿಯರುಗಳು ಯಾರಾದರೂ ಇದ್ದರೆ ಚಹಾ ಕುಡಿಯುವಾಗ ಜಗಳವಾಡೋಣ.

ಕೊನೆಗೆ ಆ 399 ದಿನಕ್ಕೆ ಬರುತ್ತೇನೆ. ಲೆಕ್ಕಕ್ಕೆ ಅದು ಸಣ್ಣದು, ಅನುಭವಿಸಿದವರಿಗೆ ಅಲ್ಲ. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಬಾವುಟ ಏರಿಸಿದ ಸ್ವಾಮಿ ರಮಾನಂದ ತೀರ್ಥರನ್ನು ಸೆರೆಗೆ ಹಾಕಿದರು. ನವೆಂಬರ್ 29ಕ್ಕೆ ಯಥಾಸ್ಥಿತಿ ಒಪ್ಪಂದವಾಯಿತು, ಯಥಾಸ್ಥಿತಿ ಮಾತ್ರ ಉಳಿಯಲಿಲ್ಲ. ನಿಜಾಮರ ಪರ ನಿಂತ ಖಾಸಗಿ ಪಡೆ, ಕಾಸಿಂ ರಜ್ವಿಯ ರಜಾಕಾರರು, ಹಳ್ಳಿಗಳ ಮೇಲೆ ಬೀಳತೊಡಗಿದರು. ನಮ್ಮ ಕಡೆಯ ಹುಡುಗರು ಗಡಿಯಾಚೆ ಶಿಬಿರ ಕಟ್ಟಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ರಾತ್ರಿ ಗಡಿ ದಾಟಿ ಬರುವುದು, ಠಾಣೆ, ನಾಕಾಗಳ ಮೇಲೆ ಬೀಳುವುದು, ಬೆಳಗಾಗುವುದರೊಳಗೆ ತಿರುಗಿ ಹೋಗುವುದು. ಹಗೇವಿನಲ್ಲಿ ಜೋಳ ಮುಚ್ಚಿಟ್ಟು, ಮಣ್ಣು ಸಾರಿಸಿ, ಮಕ್ಕಳನ್ನು ಬಂಡಿಯಲ್ಲಿ ಹಾಕಿಕೊಂಡು ಊರು ಬಿಟ್ಟ ಮನೆಗಳು ಈ ಸಭೆಯಲ್ಲೇ ಇವೆ.

ನಾನು ಹೇಳುವ ಆ ಇನ್ನೊಂದು ಚರಿತ್ರೆಯಲ್ಲಿ ಈ ಶಿಬಿರಗಳು ಎಲ್ಲಿರುತ್ತಿದ್ದವು? ಗಡಿ ತುಂಗಭದ್ರೆಯಿಂದ ಕೃಷ್ಣೆಗೆ ಸರಿದಿರುತ್ತಿತ್ತು. ಶಿಬಿರ ರಾಯಚೂರಿನಲ್ಲಿ, ದೇವದುರ್ಗದಲ್ಲಿ. ಹೊಳೆ ದಾಟಿ ಓಡಿ ಬರುವವರು ಯಾದಗಿರಿ, ಕಲಬುರಗಿಯವರು, ಅವರಿಗೆ ಅನ್ನ ಹಾಕುವವರು ನಾವು. 1871ರಲ್ಲಿ ಮುಂಬಯಿ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ಕೂಡಿದ್ದು ರಾಯಚೂರಿನಲ್ಲಿ. ಆ ಸ್ಟೇಷನ್ನು ಕೈಯಲ್ಲಿಲ್ಲದ ಹೈದರಾಬಾದು ಸ್ವತಂತ್ರ ರಾಷ್ಟ್ರದ ಕನಸು ಕಾಣುವ ಮೊದಲು ಎರಡು ಸಲ ಯೋಚಿಸುತ್ತಿತ್ತು. ಇನ್ನೂ ಒಂದಿದೆ. 1948ರ ಸೆಪ್ಟೆಂಬರ್ 13ರಂದು ಜನರಲ್ ಚೌಧುರಿಯವರ ಸೈನ್ಯ ಸೋಲಾಪುರದಿಂದ ನುಗ್ಗಿ ಮೊದಲು ಹಿಡಿದದ್ದು ನಳದುರ್ಗವನ್ನು. ಅದೂ ನಮ್ಮ ಜೊತೆ 1860ರಲ್ಲಿ ವಾಪಸ್ಸಾಗಿದ್ದ ಸೀಮೆ. ವಾಪಸ್ಸಾಗಿರದಿದ್ದರೆ ಸೈನ್ಯ ಹೊರಡುವ ಜಾಗವೇ ನಳದುರ್ಗವಾಗಿರುತ್ತಿತ್ತು. ಐದು ದಿನದ ಕಾರ್ಯಾಚರಣೆ ಎರಡು ದಿನಕ್ಕೆ ಮುಗಿಯುತ್ತಿತ್ತೋ, ಅಥವಾ ಬೇಕೇ ಆಗುತ್ತಿರಲಿಲ್ಲವೋ. ಇಡೀ ಸಂಜೆಯ ಊಹೆಗಳಲ್ಲಿ ನನಗೆ ಹೆಚ್ಚು ಗಟ್ಟಿ ಎನಿಸುವುದು ಇದೇ: ಬೇಗ ಬಿಡುಗಡೆಯಾಗಿದ್ದರೆ ಅದರ ಲಾಭ ನಮಗಿಂತ ಹೆಚ್ಚಾಗಿ ಕಲಬುರಗಿ, ಬೀದರಿನವರಿಗೆ ಆಗುತ್ತಿತ್ತು.

ಮಾತು ಮುಗಿಸಿ ಕೂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು, ಬಿಎ ಓದುವವಳಿರಬೇಕು. ಬೇರಾರವನ್ನೂ ಕೇಳಲಿಲ್ಲ, ಡಾಲ್‌ಹೌಸಿಯನ್ನೂ ಕೇಳಲಿಲ್ಲ. ‘ಸರ್, ಅದು ಸುಂಕದ ರಸೀದಿ ಅಂತ ಗೊತ್ತಾದ ಮ್ಯಾಲೆ ಮನ್ಯಾಗ ಏನಂದ್ರು?’ ಎಂದಳು.

ದೊಡ್ಡಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದ. ಅಮ್ಮ ಮಾತ್ರ ಆ ವರ್ಷವೂ ದೀಪಾವಳಿಗೆ ಟ್ರಂಕು ತೆಗೆದು ಅದನ್ನು ಲಕ್ಷ್ಮಿಯ ಮುಂದೆ ಇಟ್ಟು ಕುಂಕುಮ ಹಾಕಿದಳು. ಅದು ಹೊಲದ್ದಲ್ಲಮ್ಮ, ಸೀರೆ ತಂಬಿಗೆಗೆ ಕಟ್ಟಿದ ಸುಂಕ ಎಂದೆ. ‘ಇರ್ಲಿ ಬಿಡು ತಮ್ಮಾ, ರೊಕ್ಕ ಕಟ್ಟಿದ್ದು ಖರೆ ಐತಲ್ಲ’ ಎಂದು ಕಾಯಿ ಒಡೆದಳು.